‘ಲ್ಯಾಂಗ್ವಿಶ್’ಗೆ ಅರ್ಥ ನಾಲ್ಕು, ಉದಾಹರಣೆ ಸೊನ್ನೆ

ಮಗಳು ಸೆಕೆಂಡ್ ಪಿಯುಸಿ. ಅವಳಿಗೋಸ್ಕರ ಫೋನಿಗೆ ಇಂಗ್ಲಿಷ್-ಕನ್ನಡ ನಿಘಂಟಿನ ಆ್ಯಪ್ ಹಾಕಿಕೊಂಡು ಆರು ತಿಂಗಳಾಯಿತು. ವರ್ಷಕ್ಕೆ 199 ರೂಪಾಯಿ. ಹೆಸರು ಬೇಡ ಬಿಡಿ, ಬೈಯುವುದೇ ಜಾಸ್ತಿ ಇದೆ.

ಹೋದ ವಾರ ಬರಗಾಲ ಮೆಕ್ಕೆಜೋಳವನ್ನು ಸೊರಗಿಸಿತು ಎನ್ನಲು ಹೋಗಿ ಅವಳು ‘ದ ಡ್ರೌಟ್ ಲ್ಯಾಂಗ್ವಿಶ್ಡ್ ದ ಮೇಝ್’ ಎಂದು ಬರೆದಿದ್ದಳು. ಮೇಷ್ಟ್ರು ಕೆಂಪು ಗೆರೆ ಎಳೆದರು. ಆ್ಯಪ್‌ನಲ್ಲಿ ‘ಲ್ಯಾಂಗ್ವಿಶ್’ (languish) ತೆಗೆದು ನೋಡಿದೆ. ‘ಸೊರಗು, ಬಾಡು, ಕೊರಗು, ಬಳಲು’ ಅಂತಿತ್ತು. ಒಂದೂ ತಪ್ಪಲ್ಲ. ಆದರೆ ನಮ್ಮಲ್ಲಿ ಸೊರಗುವುದಕ್ಕೆ ‘ಸೊರಗಿಸು’ ಇದೆ, ಇಂಗ್ಲಿಷಿನ ಈ ಪದಕ್ಕೆ ಆ ‘ಇಸು’ ಇಲ್ಲ. ಜೋಳ ತಾನಾಗಿ ಲ್ಯಾಂಗ್ವಿಶ್ ಆಗಬೇಕು, ಬರ ಅದನ್ನು ಹಾಗೆ ಮಾಡುವಂತಿಲ್ಲ. ಅಕರ್ಮಕ ಕ್ರಿಯಾಪದ ಅಂತ ಒಂದು ಸಾಲು ಹಾಕಿದ್ದರೆ ಸಾಕಿತ್ತು, ಅಲ್ವಾ?

ಉದಾಹರಣೆ ವಾಕ್ಯವೂ ಇಲ್ಲ. ನಾನು ದಿನಾ ಇಂಗ್ಲಿಷ್ ಪೇಪರ್ ಓದುತ್ತೇನೆ. ಅಲ್ಲಿ ಈ ಪದ ಕಣ್ಣಿಗೆ ಬೀಳುವುದು ವಿಚಾರಣೆ ಮುಗಿಯದೆ ಜೈಲಿನಲ್ಲಿರುವವರ ಸುದ್ದಿಯಲ್ಲಿ, ಪಾಯಿಂಟ್ ಪಟ್ಟಿಯ ತಳದಲ್ಲಿರುವ ತಂಡದ ಬಗ್ಗೆ, ವರ್ಷಗಟ್ಟಲೆ ನಿಂತುಹೋದ ಕಾಮಗಾರಿಯ ಬಗ್ಗೆ. ಜೈಲಿನವರಿಗೆ ನಾವು ‘ಕೊಳೆಯುತ್ತಿದ್ದಾರೆ’ ಅನ್ನುತ್ತೇವೆ. ಕಾಮಗಾರಿ ‘ನೆನೆಗುದಿಗೆ ಬಿದ್ದಿದೆ’. ಎರಡೂ ಈ ಆ್ಯಪ್‌ನಲ್ಲಿ ಇಲ್ಲ! ‘ನೆನೆಗುದಿ’ಯಂಥ ಮಾತು ಕೈಯಲ್ಲೇ ಇರುವಾಗ ‘ಸೇತುವೆ ಬಳಲುತ್ತಿದೆ’ ಅಂತ ಬರೆಸುತ್ತಾರಲ್ಲ.

ಕೊನೆಗೆ ಅಪ್ಪನ ಕಥೆಯನ್ನೇ ಹೇಳಿದೆ. ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಅನ್ನುತ್ತಿದ್ದ ಕಾಲದಲ್ಲಿ ಅವರು ಇಲ್ಲಿನ ಹತ್ತಿ ಮಿಲ್‌ನಲ್ಲಿ ದುಡಿದವರು. ಮಿಲ್ ಒಂದೇ ದಿನಕ್ಕೆ ಮುಚ್ಚಲಿಲ್ಲ. ಮೂರು ಪಾಳಿ ಎರಡಾಯಿತು, ಎರಡು ಒಂದಾಯಿತು, ಆಮೇಲೆ ಸಂಬಳ ತಡವಾಯಿತು. ಊಟಕ್ಕೆ ಕೂತಾಗ ಅಪ್ಪ ‘ಮಿಲ್ಲು ಸೊರಗ್ತಾ ಐತಿ’ ಅನ್ನುತ್ತಿದ್ದರು. ‘ಇದೇ ಲ್ಯಾಂಗ್ವಿಶ್ ಕಣಮ್ಮ’ ಅಂದೆ. ಮಗಳಿಗೆ ತಲೆಗೆ ಹೋಯಿತು.

ಒಳ್ಳೆಯದೂ ಇದೆ, ಸುಮ್ನೆ ಬೈಯಬಾರದು. ನೆಟ್ ಇಲ್ಲದಿದ್ದರೂ ನಡೆಯುತ್ತದೆ. ಉಚ್ಚಾರಣೆ ಅಚ್ಚುಕಟ್ಟು. ಇದೇ ಲ್ಯಾಟಿನ್ ಬೇರಿನ ‘ಲ್ಯಾಂಗ್ವಿಡ್’ನಲ್ಲಿ (languid, ಜಡವಾದ) ‘ಗ್ವಿ’ ಕೇಳಿಸಬೇಕು, ‘ಲ್ಯಾಂಗರ್’ನಲ್ಲಿ (languor, ಜಡತೆ) ಮಾತ್ರ ‘ವ’ ನುಂಗಬೇಕು. ನಾನು ಇಷ್ಟು ವರ್ಷ ‘ಲ್ಯಾಂಗ್ವರ್’ ಅಂತಲೇ ಅನ್ನುತ್ತಿದ್ದೆ.

ಐದಕ್ಕೆ ಎರಡೂವರೆ. ಮುಂದಿನ ವರ್ಷ ದುಡ್ಡು ಕಟ್ಟಲ್ಲ ಅಂದೆ. ‘ಅಪ್ಪಾಜಿ, ನಿಮ್ಮ ಉಚ್ಚಾರಣೆಗಾದ್ರೂ ಇರ್ಲಿ’ ಅಂದಳು.