ಜಾವಾ ಬರೆಯಲು ಯಾವ ಎಡಿಟರ್? ಕೆಟ್ಟಾಗ ಗೊತ್ತಾಗುತ್ತದೆ

ಎಡಿಟರ್‌ಗಳನ್ನು ಹೋಲಿಸಲು ಕುಳಿತವರು ಸಾಮಾನ್ಯವಾಗಿ ವೇಗ, ಬಣ್ಣದ ಥೀಮ್, ಪ್ಲಗಿನ್‌ಗಳ ಸಂಖ್ಯೆ ಎಂದು ಪಟ್ಟಿ ಮಾಡುತ್ತಾರೆ. ಜಾವಾ ಬರೆಯುವವರಿಗೆ ಆ ಪಟ್ಟಿಯಿಂದ ಹೆಚ್ಚಿನ ಪ್ರಯೋಜನವಿಲ್ಲ. 2016ರಲ್ಲಿ ಲ್ಯಾಂಗ್ವೇಜ್ ಸರ್ವರ್ ಪ್ರೋಟೋಕಾಲ್ (ಎಡಿಟರ್ ಮತ್ತು ಭಾಷೆಯನ್ನು ಬಲ್ಲ ಹಿನ್ನೆಲೆ ಪ್ರೋಗ್ರಾಮ್, ಅಂದರೆ ಸರ್ವರ್, ಮಾತಾಡಿಕೊಳ್ಳುವ ನಿಯಮ) ಬಂದ ಮೇಲೆ ವಿಎಸ್ ಕೋಡ್, ನಿಯೋವಿಮ್, ಇಮ್ಯಾಕ್ಸ್ ಮೂರೂ ಜಾವಾಕ್ಕಾಗಿ ಒಂದೇ ಸರ್ವರನ್ನು ನೆಚ್ಚಿಕೊಂಡಿವೆ. ಅದು ಎಕ್ಲಿಪ್ಸ್ ಜೆಡಿಟಿ ಲ್ಯಾಂಗ್ವೇಜ್ ಸರ್ವರ್. ಅರ್ಧ ಬರೆದ ಮೆಥಡ್ ಹೆಸರನ್ನು ಪೂರ್ತಿಗೊಳಿಸುವುದು, ತಪ್ಪಿನ ಕೆಳಗೆ ಕೆಂಪು ಗೆರೆ ಎಳೆಯುವುದು, ಕ್ಲಾಸಿನ ಹೆಸರನ್ನು ಎಲ್ಲ ಫೈಲ್‌ಗಳಲ್ಲೂ ಒಟ್ಟಿಗೆ ಬದಲಿಸುವುದು, ಎಲ್ಲವೂ ಅದರದೇ ಕೆಲಸ. ಹಾಗಾಗಿ ಎಲ್ಲ ಸರಿಯಾಗಿ ನಡೆಯುತ್ತಿರುವಾಗ ಮೂರರಲ್ಲೂ ಸಿಗುವ ನೆರವು ಹೆಚ್ಚುಕಡಿಮೆ ಒಂದೇ. ಸರ್ವರ್ ಕೈಕೊಟ್ಟಾಗ ಮಾತ್ರ ವ್ಯತ್ಯಾಸ ಎದ್ದು ಕಾಣುತ್ತದೆ: ಏನು ಕೆಟ್ಟಿದೆ ಎಂದು ಎಡಿಟರ್ ಎಷ್ಟು ಸ್ಪಷ್ಟವಾಗಿ ಹೇಳುತ್ತದೆ, ಸರಿಪಡಿಸಲು ಎಷ್ಟು ಬಿಡುತ್ತದೆ? ಎಂಟು ಜಿಬಿ ಮೆಮೊರಿಯ ಲ್ಯಾಪ್‌ಟಾಪಿನಲ್ಲಿ, ಮೇವೆನ್ ಎಂಬ ಬಿಲ್ಡ್ ಸಾಧನ ಬಳಸುವ ಒಂದೇ ಪ್ರಾಜೆಕ್ಟನ್ನು ಇಟ್ಟುಕೊಂಡು, ಈ ಪ್ರಶ್ನೆಯನ್ನೇ ಅಳತೆಗೋಲಾಗಿಸಿ ಈ ಮೂರನ್ನೂ, ಜೊತೆಗೆ ಜೀನಿ ಎಂಬ ಪುಟ್ಟ ಎಡಿಟರನ್ನೂ ಬಳಸಿ ನೋಡಿದ್ದೇನೆ.

ಜೀನಿಯ ವಿಷಯ ಮೊದಲು ಮುಗಿಸುತ್ತೇನೆ. ಸರ್ವರ್ ಕಟ್ಟಿಕೊಳ್ಳದೆ ಬಳಸಿದರೆ ಅದು ತೆರೆದ ತಕ್ಷಣ ಬರೆಯಲು ಸಿದ್ಧ. ಎಫ್8 ಒತ್ತಿದರೆ ಕಂಪೈಲ್, ಎಫ್5 ಒತ್ತಿದರೆ ರನ್. ಜಾವಾ ಕಲಿಯಲು ಶುರುಮಾಡಿದವರಿಗೆ ಇದಕ್ಕಿಂತ ಒಳ್ಳೆಯದನ್ನು ನಾನು ಕಂಡಿಲ್ಲ, ಏಕೆಂದರೆ ಕಂಪೈಲರ್ ಹೇಳುವ ತಪ್ಪು ಇದ್ದಹಾಗೆಯೇ ಕಣ್ಣಿಗೆ ಬೀಳುತ್ತದೆ. ಮೊದಲ ತೊಡಕು ಎದುರಾಗುವುದು ಫೈಲಿನ ತಲೆಯಲ್ಲಿ ಪ್ಯಾಕೇಜ್ ಹೆಸರು ಬರೆದಾಗ. ಕಂಪೈಲ್ ಆಗುತ್ತದೆ, ರನ್ ಮಾಡಿದರೆ ಮುಖ್ಯ ಕ್ಲಾಸ್ ಸಿಗಲಿಲ್ಲ ಎನ್ನುತ್ತದೆ. ಜೀನಿ ಫೈಲ್ ಇರುವ ಫೋಲ್ಡರಿನೊಳಗೇ ನಿಂತು ಕ್ಲಾಸನ್ನು ಕರೆಯುವುದು ಇದಕ್ಕೆ ಕಾರಣ. ಬಿಲ್ಡ್ ಮೆನುವಿನಲ್ಲಿ ಆಜ್ಞೆಗಳನ್ನು ತಿದ್ದುವ ಕಿಟಕಿ ತೆರೆದು, ಕೆಲಸದ ಫೋಲ್ಡರನ್ನು ಪ್ಯಾಕೇಜಿನ ಬುಡಕ್ಕೆ ಬದಲಿಸಿ, ಕ್ಲಾಸನ್ನು ಪ್ಯಾಕೇಜ್ ಸಮೇತ ಪೂರ್ಣ ಹೆಸರಿನಿಂದ ಕರೆದರೆ ಸರಿಹೋಗುತ್ತದೆ. ಪ್ಯಾಕೇಜ್ ಇಲ್ಲದ ಒಂಟಿ ಫೈಲಾದರೆ ಇಷ್ಟೂ ಬೇಡ. ಜಾವಾ 11ರಿಂದೀಚೆಗೆ ಮೂಲ ಫೈಲನ್ನೇ ನೇರವಾಗಿ ಜಾವಾ ಆಜ್ಞೆಗೆ ಕೊಡಬಹುದು. ಆದರೆ ನೂರಾರು ಕ್ಲಾಸುಗಳ ಪ್ರಾಜೆಕ್ಟಿಗೆ ಜೀನಿ ಸಾಲದು.

ದೊಡ್ಡ ಪ್ರಾಜೆಕ್ಟಿಗೆ ಬಹುತೇಕರು ಹಿಡಿಯುವ ದಾರಿ ವಿಎಸ್ ಕೋಡ್. ರೆಡ್ ಹ್ಯಾಟ್‌ನ ಜಾವಾ ವಿಸ್ತರಣೆ ಹಾಕಿಕೊಂಡರೆ ಸರ್ವರನ್ನು ತಂದು ನಿಲ್ಲಿಸುವ ಹೊಣೆ ಅದರದು. ಇಲ್ಲಿ ಹೆಚ್ಚು ಜನ ಎಡವುವ ಜಾಗ ಎರಡು. ಫೋಲ್ಡರ್ ಬಿಟ್ಟು ಒಂದೇ ಫೈಲ್ ತೆರೆದರೆ, ಇದು ಪ್ರಾಜೆಕ್ಟಿನ ಫೈಲಲ್ಲ, ವ್ಯಾಕರಣದ ತಪ್ಪುಗಳನ್ನಷ್ಟೇ ತೋರಿಸುತ್ತೇನೆ ಎಂಬ ಸೂಚನೆ ಬರುತ್ತದೆ. ಅದನ್ನು ಓದದೆ ಮುಚ್ಚಿದವರು ಆಮೇಲೆ ಇಂಪೋರ್ಟ್ ಸಲಹೆ ಏಕೆ ಬರುತ್ತಿಲ್ಲ ಎಂದು ಹುಡುಕಾಡುತ್ತಾರೆ. ಎರಡನೆಯದು ಹಳೆಯ ಮಾಹಿತಿ ಸರ್ವರಿನ ನೆನಪಿನಲ್ಲಿ ಉಳಿದುಬಿಡುವುದು. ಗಿಟ್‌ನಲ್ಲಿ ಬ್ರ್ಯಾಂಚ್ ಬದಲಿಸಿದ ಮೇಲೆ ಟರ್ಮಿನಲ್ಲಿನಲ್ಲಿ ಮೇವೆನ್ ಸಲೀಸಾಗಿ ಬಿಲ್ಡ್ ಮಾಡುತ್ತದೆ, ಎಡಿಟರ್ ಮಾತ್ರ ಪುಟದ ತುಂಬ ಕೆಂಪು ಗೆರೆ ಎಳೆದಿರುತ್ತದೆ. ಕಮಾಂಡ್ ಪ್ಯಾಲೆಟ್ ತೆರೆದು ಜಾವಾ ಲ್ಯಾಂಗ್ವೇಜ್ ಸರ್ವರ್ ವರ್ಕ್‌ಸ್ಪೇಸನ್ನು ಕ್ಲೀನ್ ಮಾಡುವ ಆಜ್ಞೆ ಕೊಟ್ಟು ಮತ್ತೆ ಶುರುಮಾಡಿದರೆ ಹತ್ತರಲ್ಲಿ ಎಂಟು ಸಲ ಗೆರೆಗಳು ಮಾಯವಾಗುತ್ತವೆ. ಎಲ್ಲಕ್ಕೂ ಮದ್ದು ಸಿದ್ಧವಿರುವುದು ವಿಎಸ್ ಕೋಡಿನ ಹೆಚ್ಚುಗಾರಿಕೆ. ಆದರೆ ರೋಗ ಏನೆಂದು ಅದು ತಾನಾಗಿ ಹೇಳುವುದಿಲ್ಲ. ಸರ್ವರಿನ ಲಾಗ್ ತೆರೆಯಲೂ ಆಜ್ಞೆ ಇದೆ, ಹುಡುಕಿಕೊಂಡು ಹೋಗಬೇಕು.

ನಿಯೋವಿಮ್ ಮತ್ತು ಇಮ್ಯಾಕ್ಸ್‌ನಲ್ಲಿ ಅದೇ ಸರ್ವರನ್ನು ನಾವೇ ಕಟ್ಟಿಕೊಳ್ಳಬೇಕು. ಆಗ ಎದುರಾಗುವ ಮೊದಲ ಗಂಟು ಜಾವಾದ ಆವೃತ್ತಿಯದು, ಅದನ್ನು ಬಿಡಿಸಿ ಹೇಳಬೇಕು. ಈಗಿನ ಸರ್ವರ್ ಓಡಲು ಜಾವಾ 21 ಅಥವಾ ಅದಕ್ಕಿಂತ ಹೊಸದು ಬೇಕು. ನಮ್ಮ ಪ್ರಾಜೆಕ್ಟು ಜಾವಾ 8ರಲ್ಲಿರಬಹುದು. ಸರ್ವರನ್ನು ಓಡಿಸುವ ಜಾವಾ ಬೇರೆ, ನಮ್ಮ ಕೋಡನ್ನು ಕಂಪೈಲ್ ಮಾಡುವ ಜಾವಾ ಬೇರೆ. ಜಾವಾ ಹೋಮ್ ಎಂಬ ಪರಿಸರ ಚರ 8ನ್ನು ತೋರಿಸುತ್ತಿದ್ದರೆ ಸರ್ವರ್ ಏಳುವ ಮೊದಲೇ ಬೀಳುತ್ತದೆ. ಇಂತಹ ಹೊತ್ತಿನಲ್ಲಿ ಇಮ್ಯಾಕ್ಸ್ ನನಗೆ ಬಹಳ ಹಿಡಿಸಿತು. 2023ರಲ್ಲಿ ಬಂದ 29ನೆಯ ಆವೃತ್ತಿಯಿಂದ ಸರ್ವರಿನೊಡನೆ ಮಾತಾಡುವ ಎಗ್ಲಾಟ್ ಎಂಬ ಪ್ಯಾಕೇಜ್ ಅದರೊಳಗೇ ಇದೆ. ಸರ್ವರಿಗೂ ಎಡಿಟರಿಗೂ ನಡೆಯುವ ಸಂವಾದವೆಲ್ಲ ಒಂದು ಬಫರಿನಲ್ಲಿ (ಇಮ್ಯಾಕ್ಸ್ ತೆರೆದಿಡುವ ಪುಟ), ಸರ್ವರ್ ಉಗುಳುವ ದೋಷಗಳು ಇನ್ನೊಂದರಲ್ಲಿ. ಎರಡನೆಯದನ್ನು ತೆರೆದರೆ ಸಾಕು, ಕನಿಷ್ಠ ಜಾವಾ 21 ಬೇಕು ಎಂದು ಒಂದೇ ಸಾಲಿನಲ್ಲಿ ಬರೆದಿರುತ್ತದೆ. ಜಾವಾ ಹೋಮನ್ನು 21ಕ್ಕೆ ತಿರುಗಿಸಿ, ಪ್ರಾಜೆಕ್ಟಿನ ಜಾವಾ 8 ಎಲ್ಲಿದೆಯೆಂದು ಸರ್ವರಿನ ರನ್‌ಟೈಮ್ ಸೆಟ್ಟಿಂಗಿನಲ್ಲಿ ತಿಳಿಸಿದರೆ ಎರಡೂ ತಮ್ಮ ಪಾಡಿಗೆ ನಡೆಯುತ್ತವೆ. ವಿಎಸ್ ಕೋಡಿನ ವಿಸ್ತರಣೆ ಸರ್ವರಿಗೆ ಬೇಕಾದ ಜಾವಾವನ್ನು ಸಾಮಾನ್ಯವಾಗಿ ತನ್ನ ಜೊತೆಗೇ ತರುವುದರಿಂದ ಅಲ್ಲಿ ಈ ಗಂಟು ವಿರಳ.

ಲಾಂಬಾಕ್ ಎಂಬ ಲೈಬ್ರರಿ ಇನ್ನೊಂದು ತಲೆನೋವು. ಗೆಟರ್, ಸೆಟರ್‌ಗಳನ್ನು ಅದರಿಂದ ಹುಟ್ಟಿಸಿಕೊಳ್ಳುವ ಪ್ರಾಜೆಕ್ಟಿನಲ್ಲಿ ವಿಎಸ್ ಕೋಡ್ ತಾನಾಗಿಯೇ ಹೊಂದಿಕೊಳ್ಳುತ್ತದೆ. ನಿಯೋವಿಮ್, ಇಮ್ಯಾಕ್ಸ್‌ಗಳಲ್ಲಿ ಪ್ರತಿಯೊಂದು ಗೆಟರ್ ಕೆಳಗೂ ಕೆಂಪು ಗೆರೆ. ಸರ್ವರ್ ಶುರುವಾಗುವ ಆಜ್ಞೆಗೆ ಲಾಂಬಾಕ್ ಜಾರ್ ಫೈಲನ್ನು ಜಾವಾ ಏಜೆಂಟ್ ಆಗಿ ಸೇರಿಸಬೇಕು. ನಿಯೋವಿಮ್‌ನಲ್ಲಿ ಮತ್ತೂ ಒಂದು ಎಚ್ಚರ ಬೇಕು: ಸರ್ವರಿಗೆ ಕೊಡುವ ಡೇಟಾ ಫೋಲ್ಡರ್ ಪ್ರತಿ ಪ್ರಾಜೆಕ್ಟಿಗೂ ಬೇರೆಯಾಗಿರಲಿ. ಒಂದನ್ನೇ ಎರಡಕ್ಕೂ ಕೊಟ್ಟರೆ ಒಂದರ ಕ್ಲಾಸುಗಳು ಇನ್ನೊಂದರಲ್ಲಿ ತಲೆಹಾಕುತ್ತವೆ. ಜೆಡಿಕೆಯ (ಜಾವಾದ ಅಭಿವೃದ್ಧಿ ಕಿಟ್) ಒಳಗಿನ ಕ್ಲಾಸಿಗೆ ಜಿಗಿದು ಅದರ ಮೂಲ ಓದುವ ವಿಷಯದಲ್ಲಿ ನಿಯೋವಿಮ್‌ನ ಜೆಡಿಟಿಎಲ್‌ಎಸ್ ಪ್ಲಗಿನ್ ಮುಂದಿದೆ, ಎಗ್ಲಾಟ್‌ಗೆ ಅದಕ್ಕಾಗಿ ಬೇರೆ ಪ್ಯಾಕೇಜ್ ಸೇರಿಸಬೇಕಾಗುತ್ತದೆ.

ಕೋಡಿನೊಳಗೆ ಕನ್ನಡ ಬರೆಯುವವರು ನೋಡಲೇಬೇಕಾದ ಪರೀಕ್ಷೆಯೊಂದಿದೆ. ಜಾವಾದಲ್ಲಿ ‘ಮೊತ್ತ’ ಎಂಬ ಹೆಸರಿನ ವೇರಿಯಬಲ್ಲನ್ನೇ ಇಡಬಹುದು, ಕಂಪೈಲರಿಗೆ ಆಕ್ಷೇಪವಿಲ್ಲ. ‘ರಾಷ್ಟ್ರೀಯ’ ಎಂದು ಬರೆದು ನೋಡಿ. ವಿಎಸ್ ಕೋಡಿನ ಬರವಣಿಗೆಯ ಜಾಗದಲ್ಲಿ ಒತ್ತಕ್ಷರಗಳು ಚೆನ್ನಾಗಿ ಕೂರುತ್ತವೆ, ಕೆಳಗಿನ ಟರ್ಮಿನಲ್ಲಿಗೆ ಇಳಿದರೆ ಬಿಡಿಬಿಡಿಯಾಗಿ ಚದುರುತ್ತವೆ. ನಿಯೋವಿಮ್ ಟರ್ಮಿನಲ್ಲಿನೊಳಗೇ ಬಾಳುವುದರಿಂದ ಅದರ ಕಷ್ಟ ಇನ್ನೂ ಹೆಚ್ಚು: ಕರ್ಸರ್ ಒಂದು ಕಡೆ, ಅಕ್ಷರ ಇನ್ನೊಂದು ಕಡೆ. ಇಮ್ಯಾಕ್ಸ್ ತನ್ನದೇ ಕಿಟಕಿಯಲ್ಲಿ ಹಾರ್ಫ್‌ಬಜ್ ಎಂಬ ಅಕ್ಷರ ಜೋಡಿಸುವ ಲೈಬ್ರರಿ ಬಳಸಿ ಅಕ್ಷರ ಮೂಡಿಸುತ್ತದೆ, ಕನ್ನಡ ಇನ್‌ಸ್ಕ್ರಿಪ್ಟ್ ಕೀಲಿಮಣೆಯೂ ಅದರೊಳಗೇ ಇದೆ. ಕನ್ನಡದ ಮಟ್ಟಿಗೆ ನನ್ನ ಮತ ಅನುಮಾನವಿಲ್ಲದೆ ಇಮ್ಯಾಕ್ಸ್‌ಗೆ.

ಇಷ್ಟಾದರೂ ವಿಂಡೋಸ್‌ನಲ್ಲಿ ಕನ್ನಡದ ಜಾಗದಲ್ಲಿ ಅಕ್ಷರಕ್ಕೆ ಮೂರರಂತೆ ವಿಚಿತ್ರ ಚಿಹ್ನೆಗಳು ಬಂದರೆ ಎಡಿಟರನ್ನು ದೂರಬೇಡಿ. ಜಾವಾ 18ಕ್ಕಿಂತ ಮೊದಲಿನ ಕಂಪೈಲರ್ ಫೈಲನ್ನು ವಿಂಡೋಸ್‌ನ ಎನ್‌ಕೋಡಿಂಗ್‌ನಲ್ಲಿ (ಅಕ್ಷರಗಳನ್ನು ಬೈಟ್‌ಗಳಾಗಿ ಬರೆಯುವ ಕ್ರಮ) ಓದುತ್ತಿತ್ತು, ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ ಮೂರು ಬೈಟ್. ಕಂಪೈಲ್ ಆಜ್ಞೆಯಲ್ಲಿ ಎನ್‌ಕೋಡಿಂಗ್ ಯುಟಿಎಫ್-8 ಎಂದು ಹೇಳಿದರೆ ಆಯಿತು. ಮೊದಲ ಸಾಲಿನಲ್ಲೇ ಕಣ್ಣಿಗೆ ಕಾಣದ ಅಕ್ರಮ ಅಕ್ಷರವಿದೆ ಎಂದು ಕಂಪೈಲರ್ ಹೇಳಿದರೆ ಅದು ಎನ್‌ಕೋಡಿಂಗ್ ಸೂಚಿಸಲು ಫೈಲಿನ ಆರಂಭದಲ್ಲಿ ಸೇರಿರುವ ಬಿಒಎಂ ಗುರುತು. ನೋಟ್‌ಪ್ಯಾಡ್ ಪ್ಲಸ್ ಪ್ಲಸ್‌ನಲ್ಲಿ ತೆರೆದು, ಎನ್‌ಕೋಡಿಂಗ್ ಮೆನುವಿನಿಂದ ಬಿಒಎಂ ಇಲ್ಲದ ಯುಟಿಎಫ್-8ಕ್ಕೆ ಬದಲಿಸಿ ಉಳಿಸಿದರೆ ಮಾಯ.

ಹಾಗಾದರೆ ಯಾವುದು? ತಂಡದೊಡನೆ ದೊಡ್ಡ ಪ್ರಾಜೆಕ್ಟಿಗೆ ಹೊಸದಾಗಿ ಸೇರಿದವರಿಗೆ ವಿಎಸ್ ಕೋಡ್ ಸಾಕು, ಮೆಮೊರಿ ಕಡಿಮೆಯಿದ್ದರೆ ಸರ್ವರಿಗೆ ಕೊಡುವ ಗರಿಷ್ಠ ಮಿತಿಯನ್ನು ಸೆಟ್ಟಿಂಗಿನಲ್ಲಿ ತಗ್ಗಿಸಿಕೊಳ್ಳಿ. ಒಳಗೆ ನಡೆಯುವುದನ್ನು ನೋಡಿ ಸರಿಪಡಿಸುವ ಹಟವಿರುವವರಿಗೆ ಇಮ್ಯಾಕ್ಸ್, ನಾನು ಅಲ್ಲೇ ನಿಂತಿದ್ದೇನೆ. ದೂರದ ಕಂಪ್ಯೂಟರಿಗೆ ಎಸ್‌ಎಸ್‌ಎಚ್‌ ಸಂಪರ್ಕದಲ್ಲಿ ಹೋಗಿ ಎರಡು ಸಾಲು ತಿದ್ದುವಾಗ ಹಳೆಯ ವಿಮ್ ಒಂದೇ ಸಾಕು. ಅದರಲ್ಲಿ ಜಾವಾ ಕಂಪೈಲರ್ ಪ್ಲಗಿನ್ ಮೊದಲೇ ಇದೆ, ಅದನ್ನು ಆರಿಸಿಕೊಂಡು ಮೇಕ್ ಆಜ್ಞೆ ಕೊಟ್ಟರೆ ತಪ್ಪುಗಳು ಕ್ವಿಕ್‌ಫಿಕ್ಸ್ ಪಟ್ಟಿಗೆ ಬಂದು ಕೂರುತ್ತವೆ.

ತಂಡದಲ್ಲಿ ಒಬ್ಬೊಬ್ಬರದು ಒಂದೊಂದು ಎಡಿಟರ್ ಆದರೂ ಜಗಳಕ್ಕೆ ಕಾರಣವಿಲ್ಲ. ಎಕ್ಲಿಪ್ಸ್‌ನಿಂದ ಫಾರ್ಮ್ಯಾಟರ್ ಸೆಟ್ಟಿಂಗನ್ನು ಎಕ್ಸ್‌ಎಂಎಲ್ ಫೈಲಾಗಿ ತೆಗೆದು ಗಿಟ್‌ನಲ್ಲಿಡಿ, ಮೂರು ಎಡಿಟರ್‌ಗಳಲ್ಲೂ ಸರ್ವರಿಗೆ ಅದರ ವಿಳಾಸ ಕೊಡಿ. ಸರ್ವರ್ ಒಂದೇ ಆದ್ದರಿಂದ ಆವರಣ ಎಲ್ಲಿ ಒಡೆಯಬೇಕು, ಸಾಲು ಎಷ್ಟು ಉದ್ದವಿರಬೇಕು ಎಂಬುದು ಎಲ್ಲರ ಪರದೆಯಲ್ಲೂ ಒಂದೇ ಆಗಿರುತ್ತದೆ.