ಬೇವಿನ ಬೀಜದ ಕಷಾಯ: ನಾಲ್ಕು ವರ್ಷ ಸಿಂಪಡಿಸಿದ ಮೇಲೆ

ಮೈಸೂರಿನ ನಮ್ಮ ಮನೆಯ ತಾರಸಿಯಲ್ಲಿ 35 ಕುಂಡಗಳಿದ್ದು, ಬದನೆ, ಬೆಂಡೆ, ಮೆಣಸಿನ ಗಿಡಗಳ ಜೊತೆಗೆ ಅತ್ತೆಯವರು ನೆಟ್ಟ ಎರಡು ದಾಸವಾಳಗಳೂ ಇವೆ. ದಿನವೂ ಅಡುಗೆಗೆ ಕಾಯಿ ಕೀಳುವ ಗಿಡಗಳಿಗೆ ಅಂಗಡಿಯ ಕೀಟನಾಶಕ ಹೊಡೆಯಲು ಮನಸ್ಸಾಗದೆ, 4 ವರ್ಷಗಳಿಂದ ಮನೆಯಲ್ಲೇ ಮಾಡಿಕೊಂಡ ದ್ರಾವಣಗಳನ್ನು ಬಳಸುತ್ತಿದ್ದೇನೆ. ಅವುಗಳಲ್ಲಿ ನಿತ್ಯದ ಬಳಕೆಗೆ ಉಳಿದುಕೊಂಡದ್ದು ಬೇವಿನ ಬೀಜದ ಕಷಾಯ ಒಂದೇ.

ಜೂನ್ ಹೊತ್ತಿಗೆ ಮರದಡಿ ಉದುರುವ ಬೇವಿನ ಹಣ್ಣುಗಳನ್ನು ಆಯ್ದು, ಮೇಲಿನ ಲೋಳೆಯನ್ನು ತೊಳೆದು, ಬೀಜವನ್ನು ನೆರಳಿನಲ್ಲಿ ಒಣಗಿಸಿ ಬಟ್ಟೆಯ ಚೀಲದಲ್ಲಿ ಇಡುತ್ತೇನೆ. ಬೇಕಾದ ದಿನ ಬೀಜದ ಒಳತಿರುಳನ್ನು ಲೀಟರ್ ನೀರಿಗೆ 50 ಗ್ರಾಂನಂತೆ ಜಜ್ಜಿ, ಹಳೆಯ ಪಂಚೆಯ ತುಂಡಿನಲ್ಲಿ ಗಂಟು ಕಟ್ಟಿ ಬೆಳಿಗ್ಗೆ ನೆನೆಹಾಕಿದರೆ, ಸಂಜೆ ಹಿಂಡುವಾಗ ನೀರು ಹಾಲಿನಂತೆ ಬೆಳ್ಳಗಾಗುತ್ತದೆ. ಕೈ ಎಷ್ಟು ತೊಳೆದರೂ ಆ ರಾತ್ರಿಯ ಅನ್ನ ಸಾರು ಕಹಿಯೇ. ಎಲೆಗೆ ಅಂಟಲು ಸ್ವಲ್ಪ ಅಂಟುವಾಳದ ನೊರೆನೀರು ಬೆರೆಸಿ, ಎಲೆಯ ಕೆಳಭಾಗ ಪೂರ್ತಿ ತೊಯ್ಯುವಂತೆ ಸಿಂಪಡಿಸಬೇಕು. ಬೇವಿನಲ್ಲಿ ಹುಳುಗಳನ್ನು ತಡೆಯುವ ಅಜಾಡಿರಾಕ್ಟಿನ್ ಎಂಬ ಅಂಶ ಬಿಸಿಲಿಗೆ ಬೇಗ ಸತ್ವ ಕಳೆದುಕೊಳ್ಳುವುದರಿಂದ ಸಂಜೆಯೇ ಸರಿಯಾದ ಹೊತ್ತು.

ಹೊಡೆದ ಮರುದಿನವೇ ಹುಳುಗಳು ಸತ್ತು ಬೀಳುತ್ತವೆಂದು ಕಾಯುವವರಿಗೆ ಇದು ಒಗ್ಗುವುದಿಲ್ಲ. ಬೇವು ಹುಳುವಿನ ಮೇವಿನ ಆಸೆಯನ್ನು ಕೆಡಿಸಿ, ಅದು ಪೊರೆ ಕಳಚಿ ಬೆಳೆಯುವುದನ್ನು ತಡೆಯುತ್ತದೆಯಾದ್ದರಿಂದ, ವಾರಕ್ಕೊಮ್ಮೆಯಂತೆ ಮೂರು ಸಲ ಹೊಡೆದ ಮೇಲೆಯೇ ನಮ್ಮ ಬದನೆಯಲ್ಲಿ ಬಿಳಿನೊಣ ಕಡಿಮೆಯಾದದ್ದು ಕಂಡಿತು. ಮೆಣಸಿನ ಎಲೆ ಮೇಲ್ಮುಖವಾಗಿ ಮುದುಡಿದರೆ ಸಾಮಾನ್ಯವಾಗಿ ಥ್ರಿಪ್ಸ್ ಎಂಬ ರಸ ಹೀರುವ ಸಣ್ಣ ಕೀಟ, ಕೆಳಮುಖವಾದರೆ ಮೈಟ್ ನುಸಿ. ಆರಂಭದಲ್ಲೇ ಹಿಡಿದರೆ ಎರಡಕ್ಕೂ ಕಷಾಯ ತಕ್ಕಮಟ್ಟಿಗೆ ನಾಟುತ್ತದೆ. ಆದರೆ ಬಿಳಿನೊಣ ಹರಡಿದ ನಂಜುರೋಗದಿಂದ (ವೈರಸ್ ರೋಗ) ಗಿಡ ಮುಟುರಿಕೊಂಡಿದ್ದರೆ ಯಾವ ಕಷಾಯವೂ ಅದನ್ನು ವಾಸಿ ಮಾಡದು, ಗಿಡವನ್ನು ಕಿತ್ತುಹಾಕುವುದೇ ಸರಿ.

ಬೆಳ್ಳುಳ್ಳಿ, ಹಸಿಮೆಣಸಿನಕಾಯಿ ರುಬ್ಬಿದ ದ್ರಾವಣದ ಅನುಭವ ಅಷ್ಟು ಹಿತವಾಗಿರಲಿಲ್ಲ. ಮೊದಲ ವರ್ಷ ಅದಕ್ಕೆ ಪಾತ್ರೆ ತೊಳೆಯುವ ಸೋಪನ್ನು ಅಂದಾಜಿನ ಮೇಲೆ ಸುರಿದು ಮಧ್ಯಾಹ್ನ ಹನ್ನೆರಡಕ್ಕೆ ಹೊಡೆದೆ. ಮೂರನೆಯ ದಿನ ಬೆಂಡೆ ಎಲೆಗಳ ಅಂಚು ಸುಟ್ಟ ಹಪ್ಪಳದಂತಾಗಿತ್ತು. ಅಂದಿನಿಂದ ಯಾವ ದ್ರಾವಣವಾದರೂ ಮೊದಲು ಎರಡು ಎಲೆಗಳಿಗೆ ಹಾಕಿ ಒಂದು ದಿನ ನೋಡುತ್ತೇನೆ. ಹುಳಿ ಮಜ್ಜಿಗೆಯನ್ನು ಹತ್ತು ಪಾಲು ನೀರಿಗೆ ಬೆರೆಸಿ ಸೋರೆಬಳ್ಳಿಯ ಬೂದಿರೋಗಕ್ಕೆ ಹೊಡೆಯುವುದುಂಟು. ರೋಗ ಶುರುವಿನಲ್ಲಿದ್ದಾಗ ಮಾತ್ರ ಫಲ ಕಂಡಿದ್ದೇನೆ.

ಇವೆಲ್ಲ ಸೋತದ್ದು ದಾಸವಾಳದ ಹಿಟ್ಟುತಿಗಣೆಯ ಮುಂದೆ. ಅದರ ಮೈಮೇಲಿನ ಮೇಣದಂಥ ಬಿಳಿ ಹೊದಿಕೆಯ ಮೇಲೆ ಕಷಾಯ ಹನಿಯಾಗಿ ಜಾರಿಹೋಗುತ್ತದೆ. ಅದು ಸುರಿಸುವ ಸಿಹಿದ್ರವದ ಆಸೆಗೆ ಇರುವೆಗಳು ಅದಕ್ಕೆ ಕಾವಲು ನಿಂತು, ತಿಗಣೆ ತಿನ್ನಲು ಬರುವ ಗುಲಗಂಜಿ ಹುಳುಗಳನ್ನೂ ಓಡಿಸುತ್ತವೆ. ಹಾಗಾಗಿ ಈಗ ಮೊದಲು ಪೈಪಿನ ನೀರನ್ನು ಬಿರುಸಾಗಿ ಹಾಯಿಸಿ, ಸಂದುಗಳನ್ನು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿ, ಆಮೇಲೆ ಕಷಾಯ ಹೊಡೆಯುತ್ತೇನೆ. ಕಳೆದ ಮಳೆಗಾಲದಲ್ಲಿ ಒಂದು ದಾಸವಾಳವನ್ನು ಅರ್ಧಕ್ಕೆ ಕತ್ತರಿಸಲೇಬೇಕಾಯಿತು. ಈಗ ಅದು ಶುದ್ಧವಾಗಿ ಚಿಗುರಿದೆ, ಆದರೂ ನನ್ನ ಕೈಯಲ್ಲಿ ಕತ್ತರಿ ಕಂಡರೆ ಅತ್ತೆಯವರು ತಾರಸಿಗೆ ಹಿಂದೆಯೇ ಬರುತ್ತಾರೆ.