ಸೋನಿ ಆರ್‌ಎಕ್ಸ್ 100 ಮಾರ್ಕ್ 3: ವರ್ಷಗಟ್ಟಲೆ ಬಳಸಿದ ಮೇಲೆ ಅನ್ನಿಸಿದ್ದು

ಜೇಬಲ್ಲಿ ಹಿಡಿಯುವ ಕ್ಯಾಮೆರಾ ಬೇಕು, ಆದರೆ ಚಿತ್ರ ಚೆನ್ನಾಗಿ ಬರಬೇಕು ಎನ್ನುವವರು ಸಾಮಾನ್ಯವಾಗಿ ಮೊದಲು ಮೆಗಾಪಿಕ್ಸೆಲ್ ಕೇಳುತ್ತಾರೆ, ಆಮೇಲೆ ಝೂಮ್ ಎಷ್ಟು ಅಂತ ಕೇಳುತ್ತಾರೆ. ನಾನು ಕೇಳಿ ಅನ್ನುವುದು ಬೇರೆ ಎರಡು ಪ್ರಶ್ನೆ. ಬೆಳಕು ಹಿಡಿಯುವ ಸೆನ್ಸರ್ ಎಷ್ಟು ದೊಡ್ಡದು? ಝೂಮ್ ಪೂರ್ತಿ ಎಳೆದ ಮೇಲೂ ಲೆನ್ಸ್ ಎಷ್ಟು ಬೆಳಕು ಒಳಗೆ ಬಿಡುತ್ತದೆ? ಸೋನಿ ಆರ್‌ಎಕ್ಸ್ 100 ಮಾರ್ಕ್ 3 ಕ್ಯಾಮೆರಾವನ್ನು ನಾನು ಇಷ್ಟು ವರ್ಷ ಬಿಡದೆ ಬಳಸುತ್ತಿರುವುದು ಈ ಎರಡಕ್ಕೂ ಅದರಲ್ಲಿ ಒಳ್ಳೆ ಉತ್ತರ ಇರುವುದರಿಂದ.

ಇದು 2014ರ ಮಾದರಿ. ಬ್ಯಾಟರಿ, ಕಾರ್ಡ್ ಸೇರಿ ಸುಮಾರು 290 ಗ್ರಾಂ. 20 ಮೆಗಾಪಿಕ್ಸೆಲ್. ಸೆನ್ಸರ್ 13.2 ಮಿ.ಮೀ. ಅಗಲ, 8.8 ಮಿ.ಮೀ. ಎತ್ತರ. ಆ ಕಾಲದ ಸಾಮಾನ್ಯ ಪಾಕೆಟ್ ಕ್ಯಾಮೆರಾಗಳಲ್ಲಿ ಇರುತ್ತಿದ್ದ ಸೆನ್ಸರ್‌ನ ನಾಲ್ಕು ಪಟ್ಟು ವಿಸ್ತೀರ್ಣ. ಝೂಮ್ 35 ಮಿ.ಮೀ. ಫಿಲ್ಮ್ ಕ್ಯಾಮೆರಾದ ಲೆಕ್ಕದಲ್ಲಿ 24ರಿಂದ (ಅಗಲ ನೋಟ) 70 ಮಿ.ಮೀ.ಗೆ (ಹತ್ತಿರದ ನೋಟ) ಸಮ, ಅಷ್ಟೇ. ಕಾಗದದ ಮೇಲೆ ಓದಿದರೆ ಇದು ಕಮ್ಮಿ ಅನ್ನಿಸುತ್ತದೆ. ಆದರೆ ಅಪರ್ಚರ್, ಅಂದರೆ ಬೆಳಕು ಬಿಡುವ ಕಿಂಡಿ, ನೋಡಿ (ಎಫ್ ಸಂಖ್ಯೆ ಸಣ್ಣದಾದಷ್ಟು ಬೆಳಕು ಜಾಸ್ತಿ): 24ರಲ್ಲಿ ಎಫ್ 1.8, 70ರಲ್ಲಿ ಎಫ್ 2.8. ಇದೇ ಸಾಲಿನ ಮೊದಲ ಆರ್‌ಎಕ್ಸ್ 100, 2012ರದ್ದು, 100 ಮಿ.ಮೀ.ವರೆಗೆ ಹೋಗುತ್ತಿತ್ತು. ಆದರೆ ಅಲ್ಲಿಗೆ ಹೋಗುವಾಗ ಅಪರ್ಚರ್ ಎಫ್ 4.9ಕ್ಕೆ ಇಳಿದಿರುತ್ತಿತ್ತು. ಅಂದರೆ ಮಾರ್ಕ್ 3 ತನ್ನ ಝೂಮಿನ ತುದಿಯಲ್ಲಿ ಹೆಚ್ಚುಕಡಿಮೆ ಮೂರು ಪಟ್ಟು ಬೆಳಕು ತೆಗೆದುಕೊಳ್ಳುತ್ತದೆ. ಹಗಲಲ್ಲಿ ಇದರ ಬೆಲೆ ಗೊತ್ತಾಗುವುದಿಲ್ಲ. ರಾತ್ರಿ ಗೊತ್ತಾಗುತ್ತದೆ.

ನಾನು ಇದನ್ನು ಜಾಸ್ತಿ ಬಳಸಿದ್ದು ಯಕ್ಷಗಾನದ ಬಯಲಾಟಗಳಲ್ಲಿ. ಕರಾವಳಿಯಲ್ಲಿ ನವೆಂಬರ್‌ನಿಂದ ಮೇ ತನಕ ಮೇಳಗಳ ತಿರುಗಾಟ ಇರುತ್ತದಲ್ವಾ, ಆ ತಿಂಗಳುಗಳಲ್ಲಿ ಈ ಕ್ಯಾಮೆರಾ ನನ್ನ ಜೇಬಲ್ಲೇ ಇರುತ್ತದೆ. ದೊಡ್ಡ ಕ್ಯಾಮೆರಾ ಹಿಡಿದು ಮುಂದಿನ ಸಾಲಲ್ಲಿ ಕೂತರೆ ಹಿಂದಿನವರಿಗೆ ಅಡ್ಡ. ಚೌಕಿಗೆ, ಅಂದರೆ ವೇಷ ಕಟ್ಟುವ ಜಾಗಕ್ಕೆ, ಹೋದರೆ ಇನ್ನೂ ಕಷ್ಟ. ಕಲಾವಿದರು ಕಾಲು ಮಡಚಿ ಕೂತು, ಕನ್ನಡಿ ಹಿಡಿದು ಮುಖಕ್ಕೆ ಬಣ್ಣ ಹಚ್ಚಿಕೊಳ್ಳುತ್ತಿರುತ್ತಾರೆ. ಅಲ್ಲಿ ಜಾಗವೂ ಇಲ್ಲ, ಅವರ ಗಮನ ಕೆಡಿಸುವ ಹಾಗೂ ಇಲ್ಲ. ಈ ಪುಟ್ಟ ಕ್ಯಾಮೆರಾದ ಶಟರ್ ಸದ್ದು ಪಕ್ಕದವರಿಗೂ ಕೇಳುವುದು ಕಷ್ಟ. ಕೇಳಿ ಒಪ್ಪಿಗೆ ಪಡೆದು ಮೂಲೆಯಲ್ಲಿ ಕೂತರೆ 24 ಮಿ.ಮೀ., ಎಫ್ 1.8ರಲ್ಲಿ ಒಂದೇ ಬಲ್ಬಿನ ಬೆಳಕಿಗೂ ಒಳ್ಳೆ ಚಿತ್ರ ಬರುತ್ತದೆ. ಫ್ಲಾಶ್ ಬೇಡವೇ ಬೇಡ.

ರಂಗಸ್ಥಳದ ಮುಂದೆ ಲೆಕ್ಕ ಬೇರೆ. ವೇಷ ಸುಮ್ನೆ ನಿಲ್ಲುವುದಿಲ್ಲ. ಗಿರಕಿ ಹೊಡೆಯುವಾಗ ಸೆಕೆಂಡಿನ 250ನೇ ಒಂದು ಭಾಗವಾದರೂ ಬೇಕು. ಅರ್ಥ ಹೇಳುತ್ತಾ ನಿಂತಿರುವಾಗ 100ನೇ ಒಂದು ಭಾಗ ಸಾಕು. ನಾನು ಅಪರ್ಚರ್ 2.8ಕ್ಕೆ ಇಟ್ಟು ಐಎಸ್‌ಒ 1600ರ ಆಸುಪಾಸಿನಲ್ಲಿ ತೆಗೆಯುತ್ತೇನೆ; ಈ ಸಂಖ್ಯೆ ಏರಿಸಿದಷ್ಟೂ ಕಮ್ಮಿ ಬೆಳಕಲ್ಲೂ ಚಿತ್ರ ಬರುತ್ತದೆ, ಆದರೆ ಗುಣ ಇಳಿಯುತ್ತದೆ. 1600ರವರೆಗೆ ಚಿತ್ರ ಧಾರಾಳವಾಗಿ ಪ್ರಿಂಟ್ ಹಾಕಿಸುವ ಹಾಗಿರುತ್ತದೆ. 3200ರಲ್ಲಿ ಚಿತ್ರದ ಮೇಲೆ ಮರಳಿನಂಥ ಕಾಳು ಕಾಣುತ್ತದೆ, ಆದರೂ ನಡೆಯುತ್ತದೆ. 6400 ಫೋನಿನಲ್ಲಿ ಕಳಿಸುವುದಕ್ಕೆ ಮಾತ್ರ.

ಇಲ್ಲಿ ಎರಡು ವಿಷಯ ಹೇಳಲೇಬೇಕು, ಯಾವ ಕ್ಯಾಮೆರಾ ಇದ್ದವರಿಗೂ ಉಪಯೋಗ ಆಗುತ್ತದೆ. ರಂಗಸ್ಥಳದ ಹಿಂದೆ ಕತ್ತಲು. ಕ್ಯಾಮೆರಾ ಆ ಕತ್ತಲನ್ನೂ ಲೆಕ್ಕಕ್ಕೆ ಹಿಡಿದು ಇಡೀ ಚಿತ್ರವನ್ನು ಬೆಳಗಿಸಲು ನೋಡುತ್ತದೆ. ಆಗ ಮುಖದ ಬಣ್ಣ ಸುಟ್ಟು ಬಿಳಿಚಿಕೊಳ್ಳುತ್ತದೆ, ಕೆಂಪು ಬಟ್ಟೆಯ ಮಡಿಕೆಗಳೆಲ್ಲ ಕರಗಿ ಒಂದೇ ಕೆಂಪು ಮುದ್ದೆ ಆಗುತ್ತದೆ. ಎಕ್ಸ್‌ಪೋಷರ್ ಕಾಂಪೆನ್ಸೇಶನ್ ಮೈನಸ್ ಒಂದಕ್ಕೆ ಇಡಿ, ಆಗ ಚಿತ್ರದ ಬೆಳಕು ತಗ್ಗುತ್ತದೆ; ಆಮೇಲೆ ತಿದ್ದಲು ಹೆಚ್ಚು ಅವಕಾಶ ಕೊಡುವ ರಾ ಫೈಲ್‌ನಲ್ಲೇ ತೆಗೆಯಿರಿ. ಇನ್ನೊಂದು, ಈಗೆಲ್ಲ ಎಲ್‌ಇಡಿ ದೀಪ. ನಮ್ಮ ಕರೆಂಟ್ 50 ಹರ್ಟ್ಸ್, ಹಾಗಾಗಿ ಅಗ್ಗದ ದೀಪಗಳು ಸೆಕೆಂಡಿಗೆ 100 ಸಲ ಮಿನುಗುತ್ತವೆ. ಶಟರ್ 100ನೇ ಒಂದು ಭಾಗದಲ್ಲಿದ್ದರೆ ಪ್ರತಿ ಚಿತ್ರಕ್ಕೂ ಒಂದು ಪೂರ್ತಿ ಮಿನುಗು ಸಿಗುತ್ತದೆ, ಬೆಳಕು ಒಂದೇ ಥರ ಇರುತ್ತದೆ. ಅದಕ್ಕಿಂತ ವೇಗವಾದರೆ ಒಂದು ಚಿತ್ರ ಬೆಳ್ಳಗೆ, ಮುಂದಿನದು ಮಂಕು. ಈ ಕ್ಯಾಮೆರಾದ ಶಟರ್ ಲೆನ್ಸ್ ಒಳಗೇ ಇರುವುದರಿಂದ ಚಿತ್ರದ ಮೇಲೆ ಅಡ್ಡಪಟ್ಟಿ ಬೀಳುವುದಿಲ್ಲ. ನನಗೆ ಅದೇ ದೊಡ್ಡ ಸಮಾಧಾನ.

70 ಮಿ.ಮೀ. ಸಾಕಾಗುತ್ತದಾ? ಮುಂದೆ ಕೂತರೆ ಸಾಕು. ಹಿಂದಿನ ಸಾಲಿನಿಂದ ಮುಖ ಮಾತ್ರ ಬೇಕು ಅಂದರೆ ಸಾಲದು. ಹಕ್ಕಿ ತೆಗೆಯುವವರು ಈ ಕ್ಯಾಮೆರಾ ಕಡೆ ನೋಡುವುದೇ ಬೇಡ.

ಹಗಲಿನ ಕೆಲಸದಲ್ಲಿ ನನಗೆ ತುಂಬಾ ಹಿಡಿಸಿದ್ದು ಒಳಗೇ ಇರುವ ಎನ್‌ಡಿ ಫಿಲ್ಟರ್. ಬೆಳಕನ್ನು ಎಂಟನೇ ಒಂದು ಭಾಗಕ್ಕೆ ಇಳಿಸುತ್ತದೆ. ಈ ಲೆನ್ಸಿನಲ್ಲಿ ಎಫ್ 5.6 ದಾಟಿದರೆ ಮೊನಚು ಕಮ್ಮಿಯಾಗುತ್ತಾ ಹೋಗುತ್ತದೆ, ಹಾಗಾಗಿ ನೀರು ನೂಲಿನ ಹಾಗೆ ಹರಿಯುವುದನ್ನು ತೆಗೆಯಬೇಕೆಂದರೆ ಅಪರ್ಚರ್ ಕಿರಿದು ಮಾಡುವ ಬದಲು ಈ ಫಿಲ್ಟರ್ ಹಾಕಬೇಕು. ಮಳೆಗಾಲ ಮುಗಿಯುವ ಹೊತ್ತಿಗೆ ಆಗುಂಬೆ ಕಡೆ ಮರದ ನೆರಳಿನ ಹಳ್ಳಗಳಲ್ಲಿ ಅರ್ಧ ಸೆಕೆಂಡಿನ ಚಿತ್ರ ಸುಲಭವಾಗಿ ಸಿಗುತ್ತದೆ. ಬಂಡೆ ಮೇಲೆ ಕ್ಯಾಮೆರಾ ಇಟ್ಟು ಟೈಮರ್ ಹಾಕಿದರೆ ಆಯಿತು. ಮಧ್ಯಾಹ್ನದ ಬಿಸಿಲಿಗೂ ಇದು ಬೇಕು. ಶಟರ್ 2000ನೇ ಒಂದು ಭಾಗಕ್ಕಿಂತ ವೇಗ ಹೋಗುವುದಿಲ್ಲ, ಎಫ್ 1.8ರಲ್ಲಿ ಬಿಸಿಲು ಅದಕ್ಕೂ ಮೀರುತ್ತದೆ.

ಕೊರತೆಗಳೂ ಇವೆ. ಬ್ಯಾಟರಿ ಕಂಪನಿ ಲೆಕ್ಕದಲ್ಲೇ 320 ಚಿತ್ರ, ರಾತ್ರಿಯಿಡೀ ಆಟಕ್ಕೆ ಇನ್ನೊಂದು ಬ್ಯಾಟರಿ ಬೇಕೇ ಬೇಕು. ಪವರ್ ಬ್ಯಾಂಕಿಂದ ಚಾರ್ಜ್ ಮಾಡಬಹುದು, ಆದರೆ ಹಳೆ ಮೈಕ್ರೋ ಯುಎಸ್‌ಬಿ ಕೇಬಲ್. ಟಚ್ ಸ್ಕ್ರೀನ್ ಇಲ್ಲ. ಮೈಕ್ ಹಾಕಲು ಜಾಗ ಇಲ್ಲ, ಹಾಗಾಗಿ ಭಾಗವತಿಕೆ ರೆಕಾರ್ಡ್ ಮಾಡಬೇಕೆನ್ನುವವರು ಧ್ವನಿಯನ್ನು ಬೇರೆಯಾಗಿ ಹಿಡಿಯಬೇಕು. ಮೈ ನುಣುಪು, ಕೈ ಜಾರುತ್ತದೆ. ರಬ್ಬರ್ ಗ್ರಿಪ್ ಅಂಟಿಸಿಕೊಳ್ಳಿ, ಕೈಪಟ್ಟಿ ಹಾಕಿಕೊಳ್ಳಿ. ಮೇಲೆದ್ದು ಬರುವ ವ್ಯೂಫೈಂಡರ್ ಬಿಸಿಲಲ್ಲಿ ವರದಾನ, ಆದರೆ ಅದನ್ನು ಒಳಗೆ ಒತ್ತಿದರೆ ಕ್ಯಾಮೆರಾವೂ ಆಫ್ ಆಗುತ್ತದೆ.

ಫೋನ್ ಇರುವಾಗ ಇದೆಲ್ಲ ಯಾಕೆ ಅಂತ ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಶಿಯೋಮಿ 14 ಅಲ್ಟ್ರಾ, ವಿವೋ ಎಕ್ಸ್ 100 ಪ್ರೊ ಥರದ ಫೋನುಗಳಲ್ಲಿ ಹೆಚ್ಚುಕಡಿಮೆ ಇಷ್ಟೇ ದೊಡ್ಡ ಸೆನ್ಸರ್ ಬಂದಿದೆ. ಆದರೆ ಅದು ಮುಖ್ಯ ಕ್ಯಾಮೆರಾಕ್ಕೆ ಮಾತ್ರ. ಝೂಮ್ ಮಾಡಿದರೆ ಫೋನ್ ಮೊದಲು ಅದೇ ಚಿತ್ರದ ನಡುವಿನ ಭಾಗವನ್ನು ಕತ್ತರಿಸಿ ಹಿಗ್ಗಿಸುತ್ತದೆ, ಇನ್ನೂ ಝೂಮ್ ಮಾಡಿದರೆ ಬೇರೆ ಸಣ್ಣ ಸೆನ್ಸರ್‌ಗೆ ಹಾರುತ್ತದೆ. ಇಲ್ಲಿ 24ರಿಂದ 70ರ ತನಕ ಒಂದೇ ಸೆನ್ಸರ್, ಒಂದೇ ಬಣ್ಣ. ಮತ್ತೆ ಫೋನ್ ಹಲವು ಚಿತ್ರ ಸೇರಿಸಿ ಒಂದು ಮಾಡುವಾಗ ಕುಣಿಯುತ್ತಿರುವ ವೇಷದ ಕೈಕಾಲು ಕಲಸಿಹೋಗುವುದುಂಟು. ಮನೆಮಂದಿಯ ಫೋಟೋ, ಊಟದ ಫೋಟೋ ಸಾಕು ಅನ್ನುವವರಿಗೆ ಫೋನೇ ಸಾಕು, ದುಡ್ಡು ಹಾಕಬೇಡಿ.

ಈಗ ಆರಿಸುವವರಿಗೆ ನನ್ನ ಮಾತು ಇದು. ಝೂಮ್ ಬೇಡ, ಬೀದಿ ಚಿತ್ರ ಮುಖ್ಯ ಅಂದರೆ ರಿಕೋ ಜಿಆರ್ 3 ನೋಡಿ. ಇದಕ್ಕಿಂತ ದೊಡ್ಡದಾದ ಎಪಿಎಸ್-ಸಿ ಸೆನ್ಸರ್, 28 ಮಿ.ಮೀ. ಒಂದೇ ನೋಟ, ಚಿತ್ರದ ಗುಣ ಇದಕ್ಕಿಂತ ಮೇಲು. ಪ್ರವಾಸಕ್ಕೆ ದೂರದ ಝೂಮ್ ಬೇಕು ಅಂದರೆ 2019ರ ಆರ್‌ಎಕ್ಸ್ 100 ಮಾರ್ಕ್ 7, 200 ಮಿ.ಮೀ.ವರೆಗೆ ಹೋಗುತ್ತದೆ. ಆದರೆ ಅಪರ್ಚರ್ ಎಫ್ 2.8ರಿಂದಲೇ ಶುರು, ತುದಿಯಲ್ಲಿ 4.5. ಕಮ್ಮಿ ಬೆಳಕೇ ನಿಮ್ಮ ಕೆಲಸವಾದರೆ ಮಾರ್ಕ್ 3 ಈಗಲೂ ನನ್ನ ಆಯ್ಕೆ. ಸೆಕೆಂಡ್ ಹ್ಯಾಂಡ್ ಆದರೂ ಸರಿ.

ಸೆಕೆಂಡ್ ಹ್ಯಾಂಡ್ ತೆಗೆದುಕೊಳ್ಳುವಾಗ ಅಂಗಡಿಯಲ್ಲೇ ಪರೀಕ್ಷೆ ಮಾಡಿ. ಈ ಲೆನ್ಸ್ ಒಳಗೂ ಹೊರಗೂ ಹೋಗಿಬರುವಂಥದ್ದು, ಧೂಳಿಗೆ ತಡೆ ಇಲ್ಲ. ಅಪರ್ಚರ್ ಎಫ್ 11ಕ್ಕೆ ಇಟ್ಟು ಬಿಳಿ ಗೋಡೆಯ ಚಿತ್ರ ತೆಗೆದು ದೊಡ್ಡದು ಮಾಡಿ ನೋಡಿ, ಸೆನ್ಸರ್ ಮೇಲಿನ ಧೂಳು ಬೂದು ಚುಕ್ಕೆಯಾಗಿ ಕಾಣುತ್ತದೆ. ಝೂಮ್ ಹಿಂದೆ ಮುಂದೆ ಆಡಿಸಿ, ಕರಕರ ಸದ್ದು ಬಂದರೆ ಬೇಡ. ಕರಾವಳಿ, ಮಲೆನಾಡಿನ ಕ್ಯಾಮೆರಾ ಆದರೆ ಟಾರ್ಚ್ ಬೆಳಕು ಹಾಯಿಸಿ ಲೆನ್ಸಿನ ಒಳಗೆ ನೋಡಿ. ಜೇಡನ ಬಲೆಯಂಥ ಎಳೆಗಳಿದ್ದರೆ ಅದು ಫಂಗಸ್, ರಿಪೇರಿಗೆ ಕ್ಯಾಮೆರಾದ ಬೆಲೆಯೇ ಆಗಬಹುದು. ಒಳ್ಳೇದು ಸಿಕ್ಕಿದರೆ ಮಳೆಗಾಲದಲ್ಲಿ ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಇಡಿ, ಜೆಲ್ ಬಣ್ಣ ಬದಲಾದಾಗ ಬಿಸಿ ಮಾಡಿ ಒಣಗಿಸಿ ಮತ್ತೆ ಹಾಕಿ.